ಲ್ಯಾಪ್‌ಟಾಪ್‌ನ ವೈಫೈ ಕೇಬಲ್‌ನಲ್ಲಿ ಡೆಸ್ಕ್‌ಟಾಪ್‌ಗೆ: ಡಾಂಗಲ್, ಬ್ರಿಡ್ಜ್, ಶೇರಿಂಗ್ ಎಲ್ಲಾ ಮಾಡಿ ನೋಡಿದ್ಮೇಲೆ

ಡೆಸ್ಕ್‌ಟಾಪ್‌ಗೆ ಅಂತ ತಗೊಂಡ ಯುಎಸ್‌ಬಿ ವೈಫೈ ಡಾಂಗಲ್‌ಗೆ ಕೊಟ್ಟ ದುಡ್ಡು ದಂಡ ಆಯ್ತು. ಈಗ ಅದೇ ಡೆಸ್ಕ್‌ಟಾಪ್, ಡ್ರಾಯರ್‌ನಲ್ಲಿ ಸುಮ್ನೆ ಬಿದ್ದಿದ್ದ ಒಂದು ಲ್ಯಾನ್ ಕೇಬಲ್‌ನಲ್ಲಿ ಪಕ್ಕದ ಲ್ಯಾಪ್‌ಟಾಪ್‌ನಿಂದ ಇಂಟರ್ನೆಟ್ ತಗೊಂಡು ಆರಾಮಾಗಿ ಓಡ್ತಿದೆ. ವಿಂಡೋಸ್‌ನಲ್ಲೇ ಇರೋ ಇಂಟರ್ನೆಟ್ ಕನೆಕ್ಷನ್ ಶೇರಿಂಗ್, ಅಂದ್ರೆ ಐಸಿಎಸ್, ನಂಗೆ ಇದೇ ಇಷ್ಟ ಆಗಿದ್ದು. ಆದ್ರೆ ಅದರಲ್ಲೂ ಒಂದು ತೊಡಕಿದೆ, ಅದು ಗೊತ್ತಿಲ್ದೆ ಇದ್ರೆ ಎರಡೇ ದಿನಕ್ಕೆ ಬೇಜಾರಾಗಿ ಬಿಟ್ಬಿಡ್ತೀರ.

ಮೊದಲು ಡಾಂಗಲ್. ಉಗುರಿನಷ್ಟು ಚಿಕ್ಕದು, ಆಂಟೆನಾನೂ ಅಷ್ಟೇ ಚಿಕ್ಕದು. ಸಿಪಿಯು ಇರೋದು ಮೇಜಿನ ಕೆಳಗೆ, ಡಾಂಗಲ್ ಹಿಂದುಗಡೆ ಪೋರ್ಟ್‌ನಲ್ಲಿ, ಮಧ್ಯ ಆ ತಗಡಿನ ಡಬ್ಬಿ ಅಡ್ಡ. ಪಕ್ಕದ ಯುಎಸ್‌ಬಿ 3 ಪೋರ್ಟ್‌ಗೆ ಹಾರ್ಡ್ ಡಿಸ್ಕ್ ಹಾಕಿ ಫೈಲ್ ಕಾಪಿಗೆ ಇಟ್ರೆ ಸಾಕು ನೆಟ್ ತೆವಳ್ತಿತ್ತು, ಯಾಕಂದ್ರೆ ಯುಎಸ್‌ಬಿ 3ರಿಂದ ಹೊರಡೋ ನಾಯ್ಸ್ 2.4 ಗಿಗಾಹರ್ಟ್ಸ್ ವೈಫೈಗೆ ತೊಂದರೆ ಕೊಡತ್ತೆ. ಎಕ್ಸ್‌ಟೆನ್ಶನ್ ವೈರ್ ಹಾಕಿ ಮೇಜಿನ ಮೇಲೆ ತಂದಿಟ್ಟಾಗ ಸ್ವಲ್ಪ ವಾಸಿ ಆಯ್ತು, ಅಷ್ಟೇ.

ಆಮೇಲೆ ಬ್ರಿಡ್ಜ್, ಅಂದ್ರೆ ಎರಡು ಕನೆಕ್ಷನ್ ಸೇರಿಸಿ ಒಂದೇ ನೆಟ್‌ವರ್ಕ್ ಮಾಡೋದು, ಅದನ್ನ ಮಾಡಿ ನೋಡ್ದೆ. ಲ್ಯಾಪ್‌ಟಾಪ್‌ನ ನೆಟ್‌ವರ್ಕ್ ಕನೆಕ್ಷನ್ಸ್‌ನಲ್ಲಿ ವೈಫೈ, ಈಥರ್ನೆಟ್ (ಲ್ಯಾನ್ ಕೇಬಲ್ ಕನೆಕ್ಷನ್) ಎರಡೂ ಸೆಲೆಕ್ಟ್ ಮಾಡಿ ರೈಟ್ ಕ್ಲಿಕ್, ಬ್ರಿಡ್ಜ್ ಕನೆಕ್ಷನ್ಸ್. ಆಸೆ ಏನಂದ್ರೆ ಡೆಸ್ಕ್‌ಟಾಪ್ ಕೂಡ ನೇರವಾಗಿ ರೂಟರ್‌ನಿಂದಾನೇ ಐಪಿ (ನೆಟ್‌ವರ್ಕ್‌ನಲ್ಲಿನ ವಿಳಾಸ) ತಗೊಳತ್ತೆ, ಫೋನು ಪ್ರಿಂಟರ್ ಎಲ್ಲಾ ಒಂದೇ ನೆಟ್‌ವರ್ಕ್‌ನಲ್ಲಿ ಇರತ್ತೆ. ಆಗಿದ್ದು ಲ್ಯಾಪ್‌ಟಾಪ್‌ನ ನೆಟ್ಟೂ ಹೋಯ್ತು. ರೂಟರ್‌ಗೆ ಪರಿಚಯ ಇರೋದು ವೈಫೈಗೆ ಕನೆಕ್ಟ್ ಆದ ಲ್ಯಾಪ್‌ಟಾಪ್‌ನ ಮ್ಯಾಕ್ ಅಡ್ರೆಸ್ (ನೆಟ್‌ವರ್ಕ್ ಕಾರ್ಡ್‌ನ ಗುರುತಿನ ಸಂಖ್ಯೆ) ಮಾತ್ರ, ಅದರ ಹಿಂದೆ ನಿಂತ್ಕೊಂಡು ಇನ್ನೊಂದು ಮ್ಯಾಕ್ ಅಡ್ರೆಸ್ ಮಾತಾಡಿದ್ರೆ ಸಾಮಾನ್ಯವಾಗಿ ಒಪ್ಪಲ್ಲ. ಕಂಪ್ಯಾಟಿಬಿಲಿಟಿ ಮೋಡ್ ಅಂತ ಒಂದಿದೆ, ಕೆಲವು ಕಾರ್ಡ್‌ಗಳಲ್ಲಿ ಕೆಲಸ ಮಾಡತ್ತೆ, ನಂದ್ರಲ್ಲಿ ಮಾಡ್ಲಿಲ್ಲ.

ಐಸಿಎಸ್ ದಾರಿ ಬೇರೆ. ಲ್ಯಾಪ್‌ಟಾಪೇ ಒಂದು ಪುಟ್ಟ ರೂಟರ್ ಆಗತ್ತೆ, ಈಥರ್ನೆಟ್ ಕಡೆ 192.168.137.1 ಅಂತ ಕೂತ್ಕೊಂಡು ಡೆಸ್ಕ್‌ಟಾಪ್‌ಗೆ ತಾನೇ ಐಪಿ ಕೊಡತ್ತೆ, ಹೊರಗಡೆ ಕಾಣೋದು ಲ್ಯಾಪ್‌ಟಾಪ್ ಮಾತ್ರ, ಹಾಗಾಗಿ ರೂಟರ್ ತಕರಾರು ತೆಗಿಯಲ್ಲ. ನೆಟ್‌ವರ್ಕ್ ಕನೆಕ್ಷನ್ಸ್‌ನಲ್ಲಿ ವೈಫೈ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಶೇರಿಂಗ್ ಟ್ಯಾಬ್, ಮೊದಲನೇ ಟಿಕ್, ಕೆಳಗೆ ಈಥರ್ನೆಟ್ ಆರಿಸಿ ಓಕೆ. ಟಿಕ್ ಹಾಕ್ಬೇಕಾಗಿದ್ದು ವೈಫೈ ಮೇಲೆ, ಈಥರ್ನೆಟ್ ಮೇಲಲ್ಲ. ಡೆಸ್ಕ್‌ಟಾಪ್‌ನಲ್ಲಿ ಐಪಿ ಆಟೋಮ್ಯಾಟಿಕ್ ಇರ್ಲಿ. ಅಲ್ಲಿ 169.254ರಿಂದ ಶುರುವಾಗೋ ಐಪಿ ಕಂಡ್ರೆ ಲ್ಯಾಪ್‌ಟಾಪ್ ಐಪಿ ಕೊಟ್ಟೇ ಇಲ್ಲ ಅಂತ ಅರ್ಥ. ಕೇಬಲ್ ಮಾಮೂಲಿದೇ ಸಾಕು, ಗಿಗಾಬಿಟ್ ಪೋರ್ಟ್ ಇದ್ರೆ ಕ್ರಾಸ್‌ಓವರ್ ಕೇಬಲ್ (ಒಳಗಿನ ವೈರ್ ಅದಲುಬದಲಾಗಿರೋದು) ಹುಡುಕೋದು ಬೇಡ.

ಈಗ ಆ ತೊಡಕು. ಮೊದಲನೇ ದಿನ ಚೆನ್ನಾಗಿ ಓಡ್ತು. ಮಾರನೇ ದಿನ ಬೆಳಿಗ್ಗೆ ಲ್ಯಾಪ್‌ಟಾಪ್ ಆನ್ ಮಾಡ್ದೆ, ಡೆಸ್ಕ್‌ಟಾಪ್‌ನಲ್ಲಿ ನೆಟ್ ಇಲ್ಲ. ಹೋಗಿ ನೋಡಿದ್ರೆ ಶೇರಿಂಗ್ ಟಿಕ್ ಹಾಗೇ ಇದೆ! ಟಿಕ್ ತೆಗೆದು ಓಕೆ, ಮತ್ತೆ ಹಾಕಿ ಓಕೆ, ಬಂತು. ಮತ್ತೆ ಮಾರನೇ ದಿನ ಅದೇ ಕತೆ. ಕೇಬಲ್ ಹಾಳಾಗಿದೆ ಅಂದ್ಕೊಂಡು ಬೇರೆ ಕೇಬಲ್ ಹಾಕ್ದೆ, ಡ್ರೈವರ್ ಅಪ್‌ಡೇಟ್ ಮಾಡ್ದೆ, ಫೈರ್‌ವಾಲ್ ಆಫ್ ಮಾಡಿ ನೋಡ್ದೆ, ಒಂದು ಭಾನುವಾರ ಪೂರ್ತಿ ಇದರಲ್ಲೇ ಹೋಯ್ತು.

ಕಾರಣ ಏನಂದ್ರೆ ವಿಂಡೋಸ್ 10ರ 1709 ವರ್ಷನ್‌ನಿಂದ ಈಚೆಗೆ, 4 ನಿಮಿಷ ಶೇರಿಂಗ್‌ನಲ್ಲಿ ಏನೂ ಓಡಾಟ ಇಲ್ದಿದ್ರೆ ಶೇರಿಂಗ್ ನಡೆಸೋ ಸರ್ವೀಸ್ (ಹಿನ್ನೆಲೆಯಲ್ಲಿ ಓಡೋ ಪ್ರೋಗ್ರಾಂ) ನಿಂತೋಗತ್ತೆ, ತಾನಾಗೇ ಮತ್ತೆ ಶುರು ಆಗಲ್ಲ, ರೀಸ್ಟಾರ್ಟ್ ಮಾಡಿದ್ರೂ ಏಳಲ್ಲ. ಪರಿಹಾರ ಎರಡು ಹೆಜ್ಜೆ, ಎರಡೂ ಮಾಡ್ಬೇಕು. ಸರ್ವೀಸಸ್‌ನಲ್ಲಿ ಇಂಟರ್ನೆಟ್ ಕನೆಕ್ಷನ್ ಶೇರಿಂಗ್‌ನ ಸ್ಟಾರ್ಟಪ್ ಟೈಪ್ ಆಟೋಮ್ಯಾಟಿಕ್ ಮಾಡಿ. ಆಮೇಲೆ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್ ಇಟ್ಕೊಳ್ಳೋ ಜಾಗ) ಲೋಕಲ್ ಮೆಷಿನ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್, ಕರೆಂಟ್‌ವರ್ಷನ್, ಶೇರ್ಡ್‌ಆಕ್ಸೆಸ್ ಅಂತ ಒಳಗೆ ಹೋಗಿ ಎನೇಬಲ್‌ರೀಬೂಟ್‌ಪರ್ಸಿಸ್ಟ್‌ಕನೆಕ್ಷನ್ (EnableRebootPersistConnection) ಅನ್ನೋ ಹೆಸರಲ್ಲಿ, ಮಧ್ಯ ಸ್ಪೇಸ್ ಇಲ್ದೆ, ಒಂದು ಡಿವರ್ಡ್ (DWORD, ಸಂಖ್ಯೆ ಇಡೋ ಎಂಟ್ರಿ) ಮಾಡಿ ಬೆಲೆ 1 ಕೊಡಿ. ಇದನ್ನ ಮಾಡಿ ರೀಸ್ಟಾರ್ಟ್ ಕೊಟ್ಮೇಲೆ ನಾನು ಆ ಟಿಕ್ ಮುಟ್ಟಿಲ್ಲ.

ಅದೇ ಲ್ಯಾಪ್‌ಟಾಪ್‌ನಲ್ಲಿ ಉಬುಂಟು ಲಿನಕ್ಸ್ ಕೂಡ ಇದೆ. ಅಲ್ಲಿ ಈಥರ್ನೆಟ್‌ನ ಐಪಿವಿ4 ಮೆಥಡ್ 'ಶೇರ್ಡ್ ಟು ಅದರ್ ಕಂಪ್ಯೂಟರ್ಸ್' ಅಂತ ಮಾಡಿದ್ರೆ ಮುಗೀತು, 10.42.0.1 ಅಂತ ಬರತ್ತೆ, ರೀಸ್ಟಾರ್ಟ್ ಆದ್ರೂ ಹಾಗೇ ಇರತ್ತೆ. ಯುಎಫ್‌ಡಬ್ಲ್ಯು ಫೈರ್‌ವಾಲ್ ಆನ್ ಇದ್ರೆ ಮಾತ್ರ 67 (ಐಪಿ ಕೊಡೋಕೆ), 53 (ವೆಬ್‌ಸೈಟ್ ಹೆಸರು ಹುಡುಕೋಕೆ) ಪೋರ್ಟ್‌ಗಳಿಗೂ ಫಾರ್ವರ್ಡಿಂಗ್‌ಗೂ ದಾರಿ ಬಿಡ್ಬೇಕು. ಲಿನಕ್ಸೇ ದಿನಾ ಬಳಸೋರಿಗೆ ಇದೇ ಸುಲಭ. ನನ್ನ ಕೆಲಸ ಎಲ್ಲಾ ವಿಂಡೋಸ್‌ನಲ್ಲಿ ಇರೋದ್ರಿಂದ ಐಸಿಎಸ್‌ಗೆ ಬಂದೆ.

ಐಸಿಎಸ್‌ನಲ್ಲಿ ಫೋನ್‌ನಿಂದ ಡೆಸ್ಕ್‌ಟಾಪ್‌ನ ಶೇರ್ಡ್ ಫೋಲ್ಡರ್ ತೆಗೆಯೋಕಾಗಲ್ಲ, ಅದು ಲ್ಯಾಪ್‌ಟಾಪ್‌ನ ಹಿಂದೆ ಮರೆಯಾಗಿರತ್ತೆ. ಪ್ರಿಂಟರ್ ತಾನಾಗೇ ಕಾಣ್ಸಲಿಲ್ಲ, ಅದರ ಐಪಿ ಹಾಕಿ ಸೇರಿಸಿದಾಗ ಪ್ರಿಂಟ್ ಬಂತು. ಲ್ಯಾಪ್‌ಟಾಪ್ ಸ್ಲೀಪ್‌ಗೆ ಹೋದ್ರೆ ಡೆಸ್ಕ್‌ಟಾಪ್‌ನಲ್ಲೂ ನೆಟ್ ಹೋಗತ್ತೆ, ಅದಕ್ಕೆ ಚಾರ್ಜರ್‌ನಲ್ಲಿ ಇದ್ದಾಗ ಸ್ಲೀಪ್ ಬೇಡ ಅಂತ ಇಟ್ಟಿದೀನಿ.

ನಾನು ಲ್ಯಾಪ್‌ಟಾಪ್, ಡೆಸ್ಕ್‌ಟಾಪ್ ಎರಡನ್ನೂ ಒಂದೇ ಮೇಜಿನ ಹತ್ರ ಇಟ್ಕೊಂಡು ಕೆಲಸ ಮಾಡೋನು, ಹೊಸದಾಗಿ ಏನೂ ಕೊಳ್ಳೋದು ಬೇಡ ಅಂತ ಇದ್ದೆ, ಅದಕ್ಕೆ ಇದು ಹೊಂದತ್ತೆ. ಲ್ಯಾಪ್‌ಟಾಪ್ ದಿನಾ ಹೊರಗೆ ತಗೊಂಡು ಹೋಗೋರು, ಮನೇಲಿ ಬೇರೆಯವರು ಡೆಸ್ಕ್‌ಟಾಪ್ ಬಳಸ್ತಾರೆ ಅಂದ್ರೆ, ದೊಡ್ಡ ಆಂಟೆನಾ ಇರೋ, ವೈರ್ ಜೊತೆ ಬರೋ ಅಡಾಪ್ಟರ್ ತಗೊಳ್ಳಿ. ನಾನು ಅಪರೂಪಕ್ಕೆ ಲ್ಯಾಪ್‌ಟಾಪ್ ಒಯ್ಯೋ ದಿನ ಮನೇಲಿರೋ ಹಳೇ ಆಂಡ್ರಾಯ್ಡ್ ಫೋನ್‌ನ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ ಡೆಸ್ಕ್‌ಟಾಪ್‌ಗೆ ಸಿಕ್ಕಿಸಿ ಹೋಗ್ತೀನಿ, ಫೋನ್ ವೈಫೈನಲ್ಲಿದ್ರೆ ಆ ವೈಫೈಯನ್ನೇ ಕೊಡತ್ತೆ, ಮೊಬೈಲ್ ಡೇಟಾ ಖರ್ಚಾಗಲ್ಲ.