ಹನ್ನೊಂದನೆಯ ದಿನ ಫೋನ್ ಎತ್ತಿದವರು: ಸ್ತನ ಇಂಪ್ಲಾಂಟ್ ಕೇಂದ್ರವೊಂದರ ಶಸ್ತ್ರಚಿಕಿತ್ಸೋತ್ತರ ಆರೈಕೆ

ಶಸ್ತ್ರಚಿಕಿತ್ಸಾ ಕೇಂದ್ರಗಳ ಬಗ್ಗೆ ಓದಲು ಸಿಗುವ ಹೊಗಳಿಕೆಗಳಲ್ಲಿ ಬಹುಪಾಲು ಚಿಕಿತ್ಸೆಯಾದ ಮೂರು-ನಾಲ್ಕು ದಿನಗಳೊಳಗೆ ಬರೆದವು ಎಂಬುದನ್ನು ನಾನು ಗಮನಿಸಿದ್ದು ತಡವಾಗಿ. ಆ ಹೊತ್ತಿಗೆ ಎಲ್ಲರ ಗಾಯವೂ ಚೆನ್ನಾಗಿಯೇ ಇರುತ್ತದೆ, ಏಕೆಂದರೆ ಅದು ಇನ್ನೂ ಪಟ್ಟಿಯ ಕೆಳಗಿರುತ್ತದೆ. ನಾನು ಈ ವಿಮರ್ಶೆಯನ್ನು ಐದು ತಿಂಗಳು ಕಳೆದ ಮೇಲೆ ಬರೆಯುತ್ತಿದ್ದೇನೆ. ಎರಡೂ ಕಡೆ ಸಿಲಿಕೋನ್ ಜೆಲ್ ಇಂಪ್ಲಾಂಟ್ ಇರಿಸಿಕೊಂಡೆ. ಏಕೆ ಎಂಬುದು ಇಲ್ಲಿ ಬೇಡದ ವಿಷಯ. ಇದು ಕ್ಯಾನ್ಸರ್ ಚಿಕಿತ್ಸೆಯ ನಂತರದ ಸ್ತನ ಪುನರ್‌ನಿರ್ಮಾಣವಲ್ಲ ಎಂಬುದನ್ನು ಮಾತ್ರ ಹೇಳಲೇಬೇಕು, ಏಕೆಂದರೆ ಆ ಸಂದರ್ಭದಲ್ಲಿ, ಅದರಲ್ಲೂ ವಿಕಿರಣ ಪಡೆದ ಚರ್ಮದಲ್ಲಿ, ಗಾಯ ಮಾಯದಿರುವ ಮತ್ತು ಸೋಂಕು ತಗಲುವ ಸಾಧ್ಯತೆ ಹಲವು ಪಟ್ಟು ಹೆಚ್ಚು. ನನ್ನಂಥವರಲ್ಲಿ ಸೋಂಕು ಸುಮಾರು ನೂರಕ್ಕೆ ಒಬ್ಬಿಬ್ಬರಿಗೆ ಬರುತ್ತದೆ ಎಂದು ಮೊದಲ ಭೇಟಿಯಲ್ಲೇ ತಿಳಿಸಿದ್ದರು. ಆ ಒಬ್ಬಿಬ್ಬರಲ್ಲಿ ನಾನೂ ಸೇರುತ್ತೇನೆಂದು ಯಾರೂ ಎಣಿಸಿರಲಿಲ್ಲ, ನಾನಂತೂ ಇಲ್ಲವೇ ಇಲ್ಲ.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಶಸ್ತ್ರಚಿಕಿತ್ಸೆಗೆ ಮುಂಚಿನ ತಯಾರಿಯಲ್ಲಿ ಈ ಕೇಂದ್ರಕ್ಕೆ ಹೆಸರಿಡುವಂತಿಲ್ಲ. ರಕ್ತದ ಸಕ್ಕರೆಯನ್ನು ಪರೀಕ್ಷಿಸಿದರು, ಸ್ಟಿರಾಯ್ಡ್ ಸೇವನೆಯ ಬಗ್ಗೆ ವಿಚಾರಿಸಿದರು, ತಂಬಾಕಿನ ಅಭ್ಯಾಸವಿದೆಯೇ ಎಂಬ ಪ್ರಶ್ನೆಯನ್ನು ಬೇರೆ ಬೇರೆಯವರು ಮೂರು ಸಲ ಕೇಳಿದರು. ನಿಕೋಟಿನ್ ಚರ್ಮದ ಸಣ್ಣ ರಕ್ತನಾಳಗಳನ್ನು ಕಿರಿದಾಗಿಸುವುದರಿಂದ, ಕನಿಷ್ಠ ನಾಲ್ಕು ವಾರ ಮೊದಲೇ ಅದನ್ನು ಬಿಡದವರಿಗೆ ತಾವು ಚಾಕು ಹಿಡಿಯುವುದಿಲ್ಲವೆಂದು ವೈದ್ಯರು ಕಡ್ಡಿ ಮುರಿದಂತೆ ಹೇಳಿದರು. ಕೊಯ್ಯುವ ಮುನ್ನ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಚುಚ್ಚುಮದ್ದು ಕೊಟ್ಟಿರುವುದು ನನ್ನ ದಾಖಲೆಯಲ್ಲಿ ವೇಳೆಯ ಸಮೇತ ನಮೂದಾಗಿದೆ. ಸ್ತನದ ಕೆಳಮಡಿಕೆಯಲ್ಲಿ ಸುಮಾರು 5 ಸೆಂಟಿಮೀಟರ್ ಉದ್ದದ ಕೊಯ್ತ, ಒಳಗೆ ಕರಗುವ ಹೊಲಿಗೆ, ಮೇಲೆ ಅಂಟುಪಟ್ಟಿ. ಅದೇ ದಿನ ಸಂಜೆ ಮನೆಗೆ ಕಳುಹಿಸಿದರು. ಮೂರನೆಯ ದಿನದ ತಪಾಸಣೆಯಲ್ಲಿ ಎಲ್ಲವೂ ಸರಿಯಿತ್ತು.

ಎಂಟನೆಯ ದಿನ ಎಡಗಡೆಯ ಪಟ್ಟಿಯ ಮೇಲೆ ಉಗುರಿನಗಲದ ಹಳದಿ ಒದ್ದೆ ಕಾಣಿಸಿತು. ಕೇಂದ್ರದಿಂದಲೇ ಕೊಟ್ಟಿದ್ದ ಬಿಗಿ ಬ್ರಾದ ಕೆಳಪಟ್ಟಿ ಸರಿಯಾಗಿ ಹೊಲಿಗೆಯ ಮೇಲೆಯೇ ಕೂರುತ್ತಿತ್ತು. ಆ ಮಡಿಕೆಯೋ ಮೊದಲೇ ಗಾಳಿಯಾಡದ, ಬೆವರು ನಿಲ್ಲುವ ಜಾಗ. ಅದರ ಮೇಲೆ ಹಗಲೂ ರಾತ್ರಿ ಒತ್ತಡ ಬಿದ್ದರೆ ಅಂಚಿನ ಚರ್ಮ ನೆನೆದು ಬಿಳಿಚಿಕೊಳ್ಳುತ್ತದೆ, ರಕ್ತ ಸಂಚಾರವೂ ಕಡಿಮೆಯಾಗುತ್ತದೆ. ಇದು ನನಗೆ ಅರ್ಥವಾದದ್ದು ಆಮೇಲೆ. ಬ್ರಾ ಒಂದು ಅಳತೆ ಚಿಕ್ಕದೆಂದು ಅನ್ನಿಸಿದ್ದರೂ, ಬಿಗಿಯಾಗಿರಲೆಂದೇ ಕೊಟ್ಟಿದ್ದಾರೆಂದು ಸುಮ್ಮನಿದ್ದೆ. ಧರಿಸಿದ ಮೇಲೆ ಅದರ ಹೊಲಿಗೆಯಂಚು ಗಾಯದ ಮೇಲೆ ಬೀಳುತ್ತದೆಯೇ ಎಂದು ನೋಡಿ ಕಳುಹಿಸಲು ಎರಡು ನಿಮಿಷ ಸಾಕಿತ್ತು. ಅದನ್ನು ಯಾರೂ ಮಾಡಲಿಲ್ಲ.

ಒಂಬತ್ತನೆಯ ದಿನ ಸಹಾಯವಾಣಿಗೆ ಫೋನ್ ಮಾಡಿದೆ. ಈ ಕೇಂದ್ರವು ತನ್ನ ಜಾಹೀರಾತಿನಲ್ಲಿ ಎತ್ತಿ ತೋರಿಸುವ ಸೇವೆಯೇ ಇದಾದ್ದರಿಂದ, ನನ್ನ ವಿಮರ್ಶೆಯ ಹೆಚ್ಚಿನ ಪಾಲೂ ಇದಕ್ಕೇ ಸಲ್ಲಬೇಕು. ಫೋನ್ ಎತ್ತಿದವರು ಅತ್ಯಂತ ವಿನಯದಿಂದ ಮಾತನಾಡಿದರು, ಆದರೆ ಹೇಳಿದ್ದೆಲ್ಲ ಅಡ್ಡಗೋಡೆಯ ಮೇಲೆ ದೀಪವಿಟ್ಟಂತಿತ್ತು. "ಮೊದಲ ಎರಡು ವಾರ ಸ್ವಲ್ಪ ನೀರು ಬರುವುದು ಸಹಜ ಮೇಡಂ, ಹೆಚ್ಚಾದರೆ ತಿಳಿಸಿ" ಎಂದರು. ಎಷ್ಟಾದರೆ ಹೆಚ್ಚು ಎಂದು ಕೇಳಿದ್ದಕ್ಕೆ ಉತ್ತರವಿರಲಿಲ್ಲ. ಸೋಂಕಿನ ಸಂದೇಹವನ್ನು ಹೇಳಿಕೊಂಡಾಗ, "ನೀವು ಆಂಟಿಬಯೋಟಿಕ್ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಲ್ಲ, ಸೋಂಕು ಆಗುವುದಿಲ್ಲ" ಎಂದು ಧೈರ್ಯ ತುಂಬಿದರು.

ಇಡೀ ಅನುಭವದಲ್ಲಿ ಎಲ್ಲಕ್ಕಿಂತ ಅಪಾಯಕಾರಿಯಾದ ಮಾತು ಅದೇ. ಕೊಯ್ಯುವ ಮುನ್ನ ಕೊಡುವ ಚುಚ್ಚುಮದ್ದಿಗೆ ಬೆಲೆಯಿದೆ. ಶುದ್ಧವಾದ ಶಸ್ತ್ರಚಿಕಿತ್ಸೆಯೊಂದು ಮುಗಿದ ಮೇಲೂ ಸೋಂಕು ಬಾರದಿರಲಿ ಎಂದು ದಿನಗಟ್ಟಲೆ ಆಂಟಿಬಯೋಟಿಕ್ ಮುಂದುವರಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2016ರ ಮಾರ್ಗಸೂಚಿಯಲ್ಲಿಯೂ, ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2017ರ ಮಾರ್ಗಸೂಚಿಯಲ್ಲಿಯೂ ಹೇಳಿವೆ. ಹಾಗಿದ್ದೂ ಅನೇಕ ಕಡೆ ಮಾತ್ರೆ ಬರೆದು ಕೊಡುತ್ತಾರೆ, ನನಗೂ ಕೊಟ್ಟಿದ್ದರು, ಅದಕ್ಕೆ ನನ್ನ ದೊಡ್ಡ ತಕರಾರಿಲ್ಲ. ಆದರೆ ಮಾತ್ರೆ ನುಂಗುತ್ತಿರುವವರಿಗೆ ಸೋಂಕು ಬರುವುದಿಲ್ಲವೆಂದು ಹೇಳುವುದು ಬೇರೆಯೇ ಸಂಗತಿ. ಆ ಮಾತ್ರೆಗೆ ಬಗ್ಗದ ರೋಗಾಣುಗಳಿವೆ. ಇಂಪ್ಲಾಂಟ್‌ಗೆ ರಕ್ತ ಸಂಚಾರವಿಲ್ಲ. ಅದರ ಮೈಮೇಲೆ ರೋಗಾಣುಗಳು ಒಮ್ಮೆ ಲೋಳೆಯ ಪದರ ಕಟ್ಟಿಕೊಂಡು ನೆಲೆಸಿದರೆ, ರಕ್ತದಲ್ಲಿ ಹರಿದು ಬರುವ ಔಷಧವಾಗಲಿ ದೇಹದ ರಕ್ಷಕ ಕೋಶಗಳಾಗಲಿ ಆ ಪದರದೊಳಕ್ಕೆ ಸುಲಭವಾಗಿ ನುಗ್ಗಲಾರವು. ದೇಹದಲ್ಲಿ ಹೊರಗಿನ ವಸ್ತುವೊಂದಿದ್ದರೆ ಎಷ್ಟು ಕಡಿಮೆ ರೋಗಾಣುಗಳು ಸಾಕಾಗುತ್ತವೆ ಎಂಬುದನ್ನು 1957ರಲ್ಲಿಯೇ ಎಲೆಕ್ ಮತ್ತು ಕೋನೆನ್ ಎಂಬ ಸಂಶೋಧಕರು ತೋರಿಸಿದ್ದರು: ಬರಿಯ ಚರ್ಮದಲ್ಲಿ ಕೀವು ಕಟ್ಟಿಸಲು ಸ್ಟ್ಯಾಫಿಲೋಕಾಕಸ್ ಎಂಬ ರೋಗಾಣು ಹತ್ತು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ಬೇಕಾದರೆ, ಒಂದು ರೇಷ್ಮೆ ಹೊಲಿಗೆ ಇದ್ದಲ್ಲಿ ಕೆಲವೇ ನೂರು ಸಾಕಾಗಿದ್ದವು. ಒಂದು ಎಳೆ ದಾರದ ಕಥೆ ಇದಾದರೆ, ಅಂಗೈ ತುಂಬುವ ಸಿಲಿಕೋನ್ ಚೀಲವಿರುವವರ ಫೋನಿಗೆ ಉತ್ತರಿಸುವವರಿಗೆ ಇಷ್ಟಾದರೂ ಕಲಿಸಿರಬೇಕಲ್ಲವೇ?

ಅವರ ಸೂಚನೆಯಂತೆ ಫೋಟೋ ಕಳುಹಿಸಿದೆ. ಹತ್ತೊಂಬತ್ತು ಗಂಟೆಗಳ ನಂತರ "ಚೆನ್ನಾಗಿದೆ, ಡ್ರೆಸ್ಸಿಂಗ್ ಮುಂದುವರಿಸಿ" ಎಂಬ ಸಾಲು ಬಂತು. ಫೋಟೋ ನೋಡಿ ಗಾಯವನ್ನು ಅಳೆಯುವ ಪದ್ಧತಿಯ ಬಗ್ಗೆ ನನಗೆ ಈಗ ಹೆಚ್ಚಿನ ನಂಬಿಕೆ ಉಳಿದಿಲ್ಲ. ದೀಪದ ಬೆಳಕಿಗೆ ತಕ್ಕಂತೆ ಬಣ್ಣ ಬದಲಾಗುತ್ತದೆ. ಮೈಬಣ್ಣ ಕಪ್ಪಾಗಿದ್ದವರಲ್ಲಿ ಕೆಂಪು ಕೆಂಪಾಗಿಯೇ ಕಾಣುವುದಿಲ್ಲ, ನೇರಳೆಯ ಛಾಯೆಯಾಗಿಯೋ ಸುತ್ತಲಿಗಿಂತ ಗಾಢವಾದ ಕಲೆಯಾಗಿಯೋ ತೋರುತ್ತದೆ. ಬಿಸಿ, ಗಟ್ಟಿತನ, ಮುಟ್ಟಿದರೆ ಆಗುವ ನೋವು, ವಾಸನೆ, ಇವಾವುವೂ ಚಿತ್ರದಲ್ಲಿ ಬರುವುದಿಲ್ಲ. ಅವನ್ನು ಕೇಳಿಯೇ ತಿಳಿಯಬೇಕು, ಮತ್ತು ನನ್ನನ್ನು ಯಾರೂ ಕೇಳಲಿಲ್ಲ.

ಹನ್ನೊಂದನೆಯ ದಿನ ಬೆಳಿಗ್ಗೆ ಎಡಸ್ತನದ ಕೆಳಭಾಗ ಬಲಗಡೆಗಿಂತ ಸ್ಪಷ್ಟವಾಗಿ ಬಿಸಿಯಾಗಿತ್ತು. ದಿನದಿಂದ ದಿನಕ್ಕೆ ಇಳಿಯುತ್ತಾ ಬಂದಿದ್ದ ನೋವು ತಿರುಗಿ ಏರಿತ್ತು. ಜ್ವರ 38.2 ಡಿಗ್ರಿ ಸೆಲ್ಸಿಯಸ್. ಸಹಾಯವಾಣಿಯವರು ನಾಲ್ಕು ದಿನಗಳ ನಂತರದ ಸಮಯ ಕೊಡಲು ಮುಂದಾದರು. ಆಗ ಮಾತ್ರ ನಾನು ದನಿ ಎತ್ತರಿಸಿದೆ, ಅದಕ್ಕೆ ಈಗಲೂ ನನಗೆ ಸಂಕೋಚವಿಲ್ಲ. ಕರೆಯನ್ನು ಡ್ರೆಸ್ಸಿಂಗ್ ಕೋಣೆಗೆ ವರ್ಗಾಯಿಸಿದರು.

ಅಲ್ಲಿ ಫೋನ್ ಎತ್ತಿದ ಹಿರಿಯ ನರ್ಸ್ ಒಂದು ನಿಮಿಷದಲ್ಲಿ ಐದು ಪ್ರಶ್ನೆ ಕೇಳಿದರು: ಜ್ವರ ಎಷ್ಟು, ಒಂದೇ ಕಡೆಯೋ ಎರಡೂ ಕಡೆಯೋ, ನೋವು ಇಳಿದು ಮತ್ತೆ ಏರಿತೇ, ಬರುತ್ತಿರುವುದು ತಿಳಿನೀರೋ ಮಂದವಾದ ಕೀವೋ, ಹೊಲಿಗೆಯ ಅಂಚು ಎಲ್ಲಿಯಾದರೂ ಬಿಟ್ಟಿದೆಯೇ. ಉತ್ತರ ಕೇಳಿ, "ಈಗಲೇ ಹೊರಟು ಬನ್ನಿ, ದಾರಿಯಲ್ಲಿ ಮೈದದ್ದು, ವಾಂತಿ, ತಲೆಸುತ್ತು ಬಂದರೆ ಇಲ್ಲಿಯ ತನಕ ಕಾಯಬೇಡಿ, ಹತ್ತಿರದ ತುರ್ತು ಚಿಕಿತ್ಸಾ ಘಟಕಕ್ಕೆ ಹೋಗಿ" ಎಂದರು. ಸ್ಟ್ಯಾಫಿಲೋಕಾಕಸ್‌ನ ವಿಷದಿಂದ ರಕ್ತದೊತ್ತಡ ಕುಸಿಯುವ ಟಾಕ್ಸಿಕ್ ಶಾಕ್ ಎಂಬ ಅಪರೂಪದ ಸ್ಥಿತಿಯನ್ನು ಅವರು ಹೆಸರಿಸದೆಯೇ ಎಚ್ಚರಿಸಿದ್ದರೆಂದು ಆಮೇಲೆ ತಿಳಿಯಿತು. ಒಂದೇ ಕಟ್ಟಡದ ಎರಡು ಕೋಣೆಗಳ ನಡುವೆ ಇಷ್ಟು ಅಂತರವಿರಬಹುದೆಂದು ನಾನು ಊಹಿಸಿರಲಿಲ್ಲ.

ಅಲ್ಲಿಂದ ಮುಂದಿನ ಚಿಕಿತ್ಸೆಯ ಬಗ್ಗೆ ನನಗೆ ದೂರಿಲ್ಲ. ಪಟ್ಟಿ ಬಿಚ್ಚಿದಾಗ ಹೊಲಿಗೆಯ ನಡುವೆ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಬಾಯಿ ಬಿಟ್ಟಿತ್ತು. ನರ್ಸ್ ಮೊದಲು ಮಾಡಿದ ಕೆಲಸವೆಂದರೆ ಪೆನ್ನು ತೆಗೆದು ಕೆಂಪಿನ ಸುತ್ತ ಗೆರೆ ಎಳೆದು, ಪಕ್ಕದಲ್ಲಿ ವೇಳೆ ಬರೆದದ್ದು. ಕೆಂಪು ಆ ಗೆರೆಯನ್ನು ದಾಟಿತೇ ಅಥವಾ ಒಳಕ್ಕೆ ಸರಿಯಿತೇ ಎಂಬುದೇ ಮುಂದಿನ ಎರಡು ದಿನಗಳ ಅಳತೆಗೋಲಾಯಿತು. ಅಲ್ಟ್ರಾಸೌಂಡ್‌ನಲ್ಲಿ ಇಂಪ್ಲಾಂಟ್‌ನ ಸುತ್ತ ದ್ರವ ಕಾಣಲಿಲ್ಲ. ಚರ್ಮದಡಿ ಗಾಯದ ಬಳಿ ಮಾತ್ರ ಸ್ವಲ್ಪ ಸಂಗ್ರಹವಿತ್ತು. ಅದರ ಮಾದರಿ ತೆಗೆದ ಮೇಲೆಯೇ ರಕ್ತನಾಳದ ಮೂಲಕ ಆಂಟಿಬಯೋಟಿಕ್ ಶುರುಮಾಡಿದರು, ಮೊದಲೇ ಕೊಟ್ಟರೆ ರೋಗಾಣುಗಳನ್ನು ಬೆಳೆಸಿ ಗುರುತಿಸುವ ಕಲ್ಚರ್ ಪರೀಕ್ಷೆಯಲ್ಲಿ ಏನೂ ಬೆಳೆಯದೆ ಹೋಗಬಹುದೆಂದು. ಸಾಮಾನ್ಯ ಕಲ್ಚರ್‌ನಲ್ಲಿ ಹೆಚ್ಚಾಗಿ ಸಿಗದ, ಮಾಮೂಲಿ ರೋಗಾಣುಗಳಿಗಿಂತ ನಿಧಾನವಾಗಿ ಬೆಳೆಯುವ ಮೈಕೋಬ್ಯಾಕ್ಟೀರಿಯಾಗಳಿಗಾಗಿಯೂ ಪ್ರತ್ಯೇಕ ಪರೀಕ್ಷೆಗೆ ಕಳುಹಿಸಿದರು. ಈ ಗುಂಪಿನ ಸೋಂಕು ವಾರಗಟ್ಟಲೆ ತಡವಾಗಿ ತಲೆ ಎತ್ತುತ್ತದೆ, ಮಾಮೂಲಿ ಔಷಧಕ್ಕೆ ಜಗ್ಗುವುದಿಲ್ಲ, ಹುಡುಕದಿದ್ದರೆ ಸಿಗುವುದೂ ಇಲ್ಲ. ನನ್ನಲ್ಲಿ ಸಿಕ್ಕಿದ್ದು ಸ್ಟ್ಯಾಫಿಲೋಕಾಕಸ್ ಆರಿಯಸ್, ಅದೃಷ್ಟಕ್ಕೆ ಸಾಮಾನ್ಯ ಔಷಧಕ್ಕೆ ಬಗ್ಗುವಂಥದು. ಆದರೆ ನಾನು ನುಂಗುತ್ತಿದ್ದ ಮಾತ್ರೆಗೆ ಬಗ್ಗುವಂಥದಲ್ಲ.

ವೈದ್ಯರು ಮಂಚದ ಪಕ್ಕ ಕುಳಿತು ಆಡಿದ ಮಾತನ್ನು ನಾನು ಮೆಚ್ಚುತ್ತೇನೆ, ಏಕೆಂದರೆ ಅದರಲ್ಲಿ ಸಕ್ಕರೆ ಲೇಪನವಿರಲಿಲ್ಲ. 48 ಗಂಟೆಗಳಲ್ಲಿ ಕೆಂಪು ಹಿಂದೆ ಸರಿಯದಿದ್ದರೆ, ಅಥವಾ ಗಾಯದ ಬಾಯಿ ಆಳವಾಗಿ ಇಂಪ್ಲಾಂಟ್ ಕಾಣುವಂತಾದರೆ, ಅದನ್ನು ಹೊರತೆಗೆಯಬೇಕಾಗುತ್ತದೆ. ಕೆಲವರಲ್ಲಿ ಒಳಗನ್ನು ಚೆನ್ನಾಗಿ ತೊಳೆದು ಅದೇ ಸಲಕ್ಕೆ ಹೊಸದನ್ನು ಇರಿಸಿ ಉಳಿಸಿಕೊಳ್ಳಲು ಯತ್ನಿಸಬಹುದು. ಸೋಂಕು ಹೆಚ್ಚಾಗಿದ್ದರೆ ತೆಗೆದು, ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಕಾದು, ಆಮೇಲೆ ಯೋಚಿಸುವುದೇ ಸುರಕ್ಷಿತ. ಒಂದು ಕಡೆ ಮಾತ್ರ ಇಂಪ್ಲಾಂಟ್ ಇರುವ ಆ ತಿಂಗಳುಗಳನ್ನು ಊಹಿಸಿಕೊಂಡು ಆ ರಾತ್ರಿ ನಿದ್ದೆ ಬರಲಿಲ್ಲ. ಎರಡನೆಯ ದಿನ ಸಂಜೆಗೆ ಕೆಂಪು ಗೆರೆಯಿಂದ ಎರಡು ಬೆರಳಿನಷ್ಟು ಒಳಕ್ಕೆ ಸರಿದಿತ್ತು.

ಗಾಯ ಮಾಯಲು ಹಿಡಿದದ್ದು ಒಟ್ಟು ಏಳು ವಾರ. ಬಾಯಿ ಬಿಟ್ಟ ಜಾಗ ಸ್ನಾಯುವಿನ ತನಕ ಹೋಗಿರಲಿಲ್ಲವಾದ್ದರಿಂದ ಮತ್ತೆ ಹೊಲಿಯದೆ, ತಳದಿಂದ ಹೊಸ ಮಾಂಸ ತುಂಬಿಕೊಳ್ಳಲು ಬಿಟ್ಟರು. ಹೈಡ್ರೋಜನ್ ಪೆರಾಕ್ಸೈಡ್‌ನಂಥ ಉರಿಯುವ ದ್ರವಗಳನ್ನು ಹಚ್ಚಬಾರದು, ಅವು ಹೊಸ ಕೋಶಗಳನ್ನೂ ಸಾಯಿಸುತ್ತವೆ ಎಂದು ನರ್ಸ್ ಪ್ರತಿ ಭೇಟಿಯಲ್ಲೂ ನೆನಪಿಸಿದರು. ಹೊರಗೆ ಮುಚ್ಚಿಕೊಂಡಂತೆ ಕಂಡರೂ ಮೂರನೆಯ ವಾರದ ಗಾಯಕ್ಕೆ ಮೂಲ ಚರ್ಮದ ಐದನೆಯ ಒಂದು ಪಾಲಿನಷ್ಟು ಮಾತ್ರ ಬಲವಿರುತ್ತದೆ ಎಂಬುದು ಅವರಿಂದ ತಿಳಿದ ಇನ್ನೊಂದು ಸಂಗತಿ. ಭಾರ ಎತ್ತುವ ಉತ್ಸಾಹ ಅಲ್ಲಿಗೆ ತಣ್ಣಗಾಯಿತು. ನಡುವೆ ಬಲಗಡೆಯಲ್ಲೂ ಒಂದು ಗುಳ್ಳೆ ಎದ್ದಾಗ ಕೈಕಾಲು ತಣ್ಣಗಾದವು. ಅದು ಕರಗದೆ ಉಳಿದ ಹೊಲಿಗೆಯ ತುದಿ ಹೊರಗೆ ಇಣುಕಿದ್ದು ಅಷ್ಟೇ. ಕತ್ತರಿಸಿ ತೆಗೆದರು, ಮೂರು ದಿನದಲ್ಲಿ ಮಾಯಿತು.

ಇನ್ನು ಡಿಸ್ಚಾರ್ಜ್ ಕಾಗದದ ವಿಷಯ. ನಾಲ್ಕು ಪುಟಗಳಲ್ಲಿ ಮೂರು ಪುಟ ಸಹಿ ಹಾಕಬೇಕಾದ ಷರತ್ತುಗಳು. ಉಳಿದ ಒಂದರಲ್ಲಿ "ಅಸಹಜ ಲಕ್ಷಣಗಳು ಕಂಡುಬಂದಲ್ಲಿ ಸಂಪರ್ಕಿಸಿ" ಎಂಬ ಒಂದು ಸಾಲು. ಮೊದಲ ಬಾರಿ ಶಸ್ತ್ರಚಿಕಿತ್ಸೆಗೆ ಒಳಗಾದವರಿಗೆ ಸಹಜ ಯಾವುದೆಂದೇ ಗೊತ್ತಿರುವುದಿಲ್ಲ. 38 ಡಿಗ್ರಿ ದಾಟಿದ ಜ್ವರ, ಒಂದೇ ಕಡೆ ಹೆಚ್ಚುವ ಊತ ಮತ್ತು ಬಿಸಿ, ಇಳಿದು ಮತ್ತೆ ಏರುವ ನೋವು, ಕೀವು ಅಥವಾ ಕೆಟ್ಟ ವಾಸನೆ, ಬಿಟ್ಟುಕೊಂಡ ಅಂಚು: ಇಷ್ಟನ್ನು ಅಚ್ಚು ಹಾಕಲು ಅರ್ಧ ಪುಟವೂ ಬೇಡ. ಮೂವತ್ತು ದಿನಕ್ಕೆ ಉಚಿತ ತಪಾಸಣೆ ಮುಗಿಯುತ್ತದೆ ಎಂಬ ನಿಯಮವನ್ನೂ ನಾನು ಒಪ್ಪುವುದಿಲ್ಲ. ಇಂಥ ಸೋಂಕುಗಳಲ್ಲಿ ಹೆಚ್ಚಿನವು ಮೊದಲ ತಿಂಗಳಲ್ಲೇ ಕಾಣಿಸಿಕೊಳ್ಳುತ್ತವೆ ಎಂಬುದು ನಿಜ. ಆದರೂ ಸ್ತನದ ಶಸ್ತ್ರಚಿಕಿತ್ಸೆಗಳಲ್ಲಿ ಆಳದ ಸೋಂಕಿಗಾಗಿ 90 ದಿನ ನಿಗಾ ಇಡಬೇಕೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಪದ್ಧತಿಯಲ್ಲಿದೆ. ಸೋಂಕಾದ ಕಡೆ ಇಂಪ್ಲಾಂಟ್‌ನ ಸುತ್ತಲಿನ ಪೊರೆ ದಪ್ಪವಾಗಿ ಬಿಗಿದುಕೊಳ್ಳುವ ಸಾಧ್ಯತೆ ಇನ್ನೂ ಮುಂದಕ್ಕೆ ಉಳಿದಿರುತ್ತದೆ, ನಾನೀಗ ಕಾಯುತ್ತಿರುವುದು ಅದು ಆಗದಿರಲೆಂದು.

ನಕ್ಷತ್ರ ಕೊಡಲೇಬೇಕಾದರೆ ಶಸ್ತ್ರಚಿಕಿತ್ಸಕರಿಗೆ ನಾಲ್ಕು, ಡ್ರೆಸ್ಸಿಂಗ್ ಕೋಣೆಗೆ ಐದಕ್ಕೆ ಐದು, ಬ್ರಾಗೆ ಎರಡು, ಸಹಾಯವಾಣಿಗೆ ಒಂದು. ಆ ಒಂದು ಕೂಡ ಅವರ ವಿನಯಕ್ಕೆ. ಇಂಥ ಕೇಂದ್ರವನ್ನು ಆರಿಸಿಕೊಳ್ಳುವವರು ಮೊದಲ ಭೇಟಿಯಲ್ಲಿ ಇಂಪ್ಲಾಂಟ್‌ನ ಆಕಾರ, ಗಾತ್ರಗಳ ಬಗ್ಗೆ ಕೇಳುವಷ್ಟೇ ಒತ್ತಿ, ಎರಡನೆಯ ವಾರದ ರಾತ್ರಿ ಹತ್ತು ಗಂಟೆಗೆ ಜ್ವರ ಬಂದರೆ ಫೋನ್ ಎತ್ತುವವರು ಯಾರು, ಅವರು ಗಾಯ ನೋಡಿ ಅನುಭವವಿರುವವರೇ, ಅದೇ ದಿನ ತಪಾಸಣೆ ಸಿಗುತ್ತದೆಯೇ ಎಂದೂ ಕೇಳಬೇಕೆಂದು ನನ್ನ ಅಭಿಪ್ರಾಯ. ನಾನು ಕೇಳಿರಲಿಲ್ಲ.

ಇದೆಲ್ಲವನ್ನೂ ಕೇಂದ್ರಕ್ಕೆ ಲಿಖಿತವಾಗಿ ಕೊಟ್ಟಿದ್ದೆ. ಕಳೆದ ತಪಾಸಣೆಗೆ ಹೋದಾಗ ಹೊರಗೆ ಕುಳಿತಿದ್ದವರೊಬ್ಬರ ಕೈಯಲ್ಲಿ ಹೊಸ ಡಿಸ್ಚಾರ್ಜ್ ಕಾಗದ ಕಂಡಿತು. ಅನುಮತಿ ಪಡೆದು ಓದಿದೆ. ಜ್ವರದ ಅಂಕಿ ಇದೆ, ಲಕ್ಷಣಗಳ ಪಟ್ಟಿ ಇದೆ, ಬ್ರಾದ ಅಂಚಿನ ಬಗ್ಗೆಯೂ ಒಂದು ಸಾಲು ಸೇರಿದೆ. ಕೊನೆಯಲ್ಲಿ ಅಚ್ಚಾಗಿರುವ ಫೋನ್ ನಂಬರ್ ಮಾತ್ರ ಅದೇ ಸಹಾಯವಾಣಿಯದು.