ಜಂಕ್ ಹಾಯಿ ಓಕೆ, ಆದ್ರೆ ಆ ಟಿಲ್ಲರ್ ಎಳೆತ ಇದೆಯಲ್ಲ

ಜಂಕ್ ರಿಗ್ ಅಂದ್ರೆ ಅಡ್ಡಡ್ಡ ಕೋಲು ಹಾಕಿದ ಚೀನೀ ಶೈಲಿ ಹಾಯಿ, ಅದರ ಕಿಟ್ ತಗೊಂಡು ಬಳಸಿದ ಅನುಭವ ಇದು. ಅಳತೆ, ಬಟ್ಟೆ, ರೇಟು ಎಲ್ಲಾ ಕಿಟ್ ಬ್ರೋಷರಲ್ಲೇ ಐತೆ, ಅದ್ನ ಬಿಡಿ. ಪರ್ಮಿಷನ್ ತಗೊಂಡು ಕುಣಿಗಲ್ ಕಡೆ ಮಾರ್ಕೋನಹಳ್ಳಿ ಡ್ಯಾಮ್ ನೀರಲ್ಲಿ ನನ್ನ ಚಿಕ್ಕ ಫೈಬರ್ ದೋಣಿ ಬಿಡ್ತೀನಿ, ಈ ಜಂಕ್ ರಿಗ್ ಹಾಕ್ಸಿ ಇದು ಎರಡನೇ ಮಳೆಗಾಲ, ಹೋದ ವರ್ಷ ಪೂರ್ತಿ ನನ್ನ ಭುಜ ಹಿಡ್ಕೊಂಡಿದ್ದು ಟಿಲ್ಲರ್ (ಚುಕ್ಕಾಣಿ ತಿರುಗ್ಸೋ ಕೋಲು) ದೆಸೆಯಿಂದ. ಗಾಳಿ ಸ್ವಲ್ಪ ಜೋರಾದ್ರೆ ಸಾಕು, ದೋಣಿ ಮೂತಿ ಗಾಳಿ ಬರೋ ಕಡೆಗೇ ತಿರುಗೋದು, ಟಿಲ್ಲರ್ ಎದೆಗೆ ಎಳ್ಕೊಂಡೇ ಕೂತಿರ್ಬೇಕು, ಫ್ಲಾಸ್ಕಿಂದ ಒಂದು ಲೋಟ ಕಾಫಿ ಬಗ್ಗಿಸ್ಕೊಳೋಕೂ ಕೈ ಬಿಡೋಂಗಿಲ್ಲ. ಕಿಟ್ ಮಾರಿದೋರಿಗೆ ಫೋನ್ ಮಾಡಿದ್ರೆ "ಅಭ್ಯಾಸ ಆಗ್ತದೆ ಸಾರ್" ಅಂದ್ರು. ಏನು ಅಭ್ಯಾಸಾನೋ ಮಣ್ಣೋ.

ಜಂಕಲ್ಲಿ ಹಾಯಿಯ ಒಂದು ಪಾಲು ಮಾಸ್ಟ್ (ಹಾಯಿಕಂಬ) ಮುಂದಕ್ಕೂ ಚಾಚಿರ್ಬೇಕು. ಫಿಟ್ ಮಾಡಿದ ಹುಡುಗ್ರು ತೀರಾ ಹಿಂದಕ್ಕೆ ಕೂರಿಸಿದ್ರು, ಗಾಳಿ ಒತ್ತಡ ಎಲ್ಲಾ ದೋಣಿ ಅಡ್ಡ ಜಾರದಂಗೆ ತಳದಿಂದ ನೀರಿಗೆ ಇಳಿಬಿಟ್ಟಿರೋ ಹಲಗೆ, ಅಂದ್ರೆ ಸೆಂಟರ್‌ಬೋರ್ಡ್‌ಗಿಂತ ಹಿಂದೆ ಬಿದ್ದು ದೋಣಿ ಹಿಂಭಾಗ ತಳ್ಳೋದು, ಅದಕ್ಕೇ ಮೂತಿ ಗಾಳಿ ಕಡೆ ತಿರುಗ್ತಿತ್ತು. ಹಾಯಿ ಮೇಲಂಚಿನ ಕೋಲು ಯಾರ್ಡ್, ಅದಕ್ಕೆ ಹಾಯಿ ಎತ್ತೋ ಹಗ್ಗ ಕಟ್ಟಿದ್ದ ಜಾಗ ಒಂದು ಗೇಣು ಹಿಂದಕ್ಕೆ ಸರಿಸಿ, ಕೆಳಂಚಿನ ಕೋಲು ಬೂಮನ್ನ ಮಾಸ್ಟ್‌ಗೆ ಹಿಡಿದಿದ್ದ ಹಗ್ಗ ಸಡಿಲಿಸಿ ಇಡೀ ಹಾಯಿ ಮುಂದಕ್ಕೆ ತಂದೆ. ತಂದ ತಕ್ಷಣ ಬಟ್ಟೆ ತುಂಬಾ ಓರೆ ಸುಕ್ಕು! ಹಾಯಿಗೆ ಅಡ್ಡಡ್ಡ ಕೂರಿಸಿರೋ ಬ್ಯಾಟನ್ ಕೋಲುಗಳ ಮುಂತುದಿ ಹಿಂದಕ್ಕೆ ಜಗ್ಗೋಕೆ ಒಂದು ಹಗ್ಗ ಇರ್ತದೆ, ಹಾಯಿ ಏರಿಸಿದ ಮೇಲೆ ಅದ್ನ ಚೂರು ಚೂರೇ ಬಿಗಿ ಮಾಡ್ತಾ ಹೋದೆ, ಸುಕ್ಕು ಹೋಯ್ತು. ಈಗ ಟಿಲ್ಲರ್‌ಗೆ ಎರಡು ಬೆರಳು ಸಾಕು. ಗಾಳಿ ಬೆನ್ನಿಗೆ ಬಂದಾಗ ಮಾತ್ರ ಹಾಯಿ ಪೂರ್ತಿ ಒಂದು ಮಗ್ಗುಲಿಗೆ ಹೋಗಿ ಮೂತಿ ತಿರುಗ್ಸೋಕೆ ನೋಡ್ತದೆ, ಅದು ಈ ರಿಗ್ಗಿನ ಹುಟ್ಟುಗುಣ.

ಇಷ್ಟು ಬೈದ್ರೂ ಮಾರಲ್ಲ, ಯಾಕಂದ್ರೆ ನಮ್ ಕಡೆ ಆಷಾಢದ ಗಾಳಿ ನಿಮಗೆ ಗೊತ್ತಲ್ಲ. ದೂರದಲ್ಲಿ ನೀರು ಕಪ್ಪಗಾಗಿ ನಿರಿಗೆ ಎದ್ದು ಬರೋದು ಕಾಣ್ತದೆ, ಕೂತಲ್ಲಿಂದಲೇ ಹಾಯಿ ಎತ್ತೋ ಹಗ್ಗ ಬಿಟ್ರೆ ಹಾಯಿ ತನ್ನ ಭಾರಕ್ಕೆ ತಾನೇ ಇಳಿದು, ಬ್ಯಾಟನ್ ಮೇಲೆ ಬ್ಯಾಟನ್ ಟಕಟಕ ಅಂತ ಕೂತು, ಎರಡೂ ಕಡೆ ಇಳಿಬಿಟ್ಟಿರೋ ಹಗ್ಗದ ಮಧ್ಯೆ ಮಡಚ್ಕೊಳ್ತದೆ. ಗಂಟು ಹಾಕೋದಿಲ್ಲ, ಮುಂದಕ್ಕೆ ತೆವಳೋದಿಲ್ಲ. ತೆಪ್ಪದಲ್ಲಿ ಬಲೆ ಬಿಡೋ ಅಣ್ಣ ಒಬ್ರು "ಏನಪ್ಪಾ, ಅಂಗಡಿ ಶಟರ್ ಎಳ್ದಂಗೆ ಎಳೀತೀಯಾ" ಅಂತ ನಗ್ತಾರೆ. 1960ರಲ್ಲಿ ಬ್ರಿಟನ್ನಿನ ನಾವಿಕ ಬ್ಲಾಂಡಿ ಹ್ಯಾಸ್ಲರ್ 'ಜೆಸ್ಟರ್' ಅನ್ನೋ ಪುಟ್ಟ ದೋಣಿಗೆ ಇಂಥದ್ದೇ ಹಾಯಿ ಕಟ್ಟಿ ಒಬ್ರೇ ಅಟ್ಲಾಂಟಿಕ್ ದಾಟೋ ರೇಸಲ್ಲಿ ಎರಡನೇ ಸ್ಥಾನ ತಗೊಂಡ್ರು, ಹಾಯಿ ಇಳಿಸೋಕೆ ಡೆಕ್ ಮೇಲೆ ಹೋಗೋ ಕೆಲಸಾನೇ ಇರ್ಲಿಲ್ಲ. ಅವತ್ತಿನ ಗಾಳಿಗೂ ನಮ್ಮ ಕುಣಿಗಲ್ ಗಾಳಿಗೂ ಹೋಲಿಕೆ ಇಲ್ಲ ಬಿಡಿ.

ಗಾಳಿಗೆ ಎದುರಾಗಿ ಹೋಗೋದ್ರಲ್ಲಿ ಮಾತ್ರ ಸಪ್ಪೆ. ಕಿಟ್ ಹಾಯಿ ಪೂರ್ತಿ ಚಪ್ಪಟೆ, ಅದಕ್ಕೇ ಹಂಗೆ. ಪ್ಯಾನೆಲ್ ಪ್ಯಾನೆಲ್‌ಗೂ (ಎರಡು ಬ್ಯಾಟನ್ ನಡುವಿನ ಬಟ್ಟೆ) ಸ್ವಲ್ಪ ಹೊಟ್ಟೆ, ಅಂದ್ರೆ ಉಬ್ಬು, ಬಿಟ್ಟು ಹೊಸದು ಹೊಲಿಸ್ಬೇಕು ಅಂತಿದೀನಿ. ಕಿಟ್‌ನೋರ ರೇಟ್ ನನ್ನ ಕೈಗೆ ಎಟುಕಲ್ಲ, ಶಾಮಿಯಾನ ಹೊಲಿಯೋರೊಬ್ರು ಒಪ್ಪಿದಾರೆ, ಬಟ್ಟೆ ನಾನೇ ಕೊಡ್ಸಿದ್ರೆ ಎಷ್ಟು ಅನ್ನೋದು ಇನ್ನೂ ಕುದುರಿಲ್ಲ.