ನನ್ನ ನಂಬರಿನಿಂದ ಬಂದ ಬೆದರಿಕೆ ಕರೆ ನನ್ನದಲ್ಲ

2024ರ ಗೌರಿ ಹಬ್ಬದ ವಾರ. ಹೊಲಿಗೆ ಯಂತ್ರದ ಮುಂದಿನಿಂದ ಏಳಲು ಪುರುಸೊತ್ತಿಲ್ಲದ ಹೊತ್ತಿನಲ್ಲಿ ಹಾಸನದ ಹಿರಿಯರೊಬ್ಬರು ಕರೆ ಮಾಡಿ ರೇಗಿದರು: “ಬಿಲ್ ಬಾಕಿ ಇದೆ, ರಾತ್ರಿಯೇ ಕರೆಂಟ್ ತೆಗೆಯುತ್ತೇವೆ ಎಂದು ಹೆದರಿಸಿದನಲ್ಲ, ಆ ಮನುಷ್ಯನಿಗೆ ಫೋನ್ ಕೊಡಮ್ಮ!” ನಮ್ಮ ಮನೆಯಲ್ಲಿ ಅಂಥ ಮನುಷ್ಯನೇ ಇಲ್ಲ ಎಂದರೆ ನಂಬಬೇಕಲ್ಲ. ಸಂಜೆಯೊಳಗೆ ಇಂಥವೇ ಸಾಲು ಸಾಲು ಕರೆಗಳು.

ಅವರ ಮೊಬೈಲಿನಲ್ಲಿ ಮೂಡಿದ್ದು ನನ್ನದೇ ಹತ್ತು ಅಂಕಿ. ನನ್ನ ಮೊಬೈಲಿನಿಂದ ಅವರಿಗೆ ಕರೆ ಹೋದ ಗುರುತೇ ಇಲ್ಲ. ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ ಸಾಥಿ ಜಾಲತಾಣದಲ್ಲಿ ನೋಡಿದೆ, ನನ್ನ ಹೆಸರಿನಲ್ಲಿ ಬೇರೆ ಸಿಮ್ ಕೂಡ ಇರಲಿಲ್ಲ. ಇಂಟರ್ನೆಟ್ ಮೂಲಕ ಕರೆ ಮಾಡುವ ವಂಚಕರು ತಮಗೆ ಬೇಕಾದ ನಂಬರನ್ನು ಕರೆಗೆ ಅಂಟಿಸಿ ಕಳಿಸುತ್ತಾರೆ. ನಡುವಿನ ಕಂಪನಿಗಳು ಅದನ್ನು ಪರೀಕ್ಷಿಸದೆ ದಾಟಿಸಿದರೆ ನಮ್ಮ ಪರದೆಯ ಮೇಲೆ ಅದೇ ಮೂಡುತ್ತದೆ.

ಠಾಣೆಯಲ್ಲಿ ದೂರು ಕೊಟ್ಟೆ, ಹಿಂಬರಹ ಸಿಕ್ಕಿತು. ಅಷ್ಟೇ. ಕಾನೂನಿಗೇನೂ ಬರವಿಲ್ಲ: 2023ರ ದೂರಸಂಪರ್ಕ ಕಾಯ್ದೆಯ 42ನೇ ಸೆಕ್ಷನ್ ಆ ಜೂನ್‌ನಲ್ಲಿ ತಾನೇ ಜಾರಿಗೆ ಬಂದಿತ್ತು. ನಂಬರನ್ನು ತಿರುಚಿದರೆ ಮೂರು ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆದರೆ ಕರೆ ಹೊರದೇಶದಿಂದ ನಾಲ್ಕಾರು ಕಂಪನಿ ದಾಟಿ ಬಂದಿದ್ದರೆ ಕೈಕೋಳ ಯಾರಿಗೆ ತೊಡಿಸುವುದು? ಅದೇ ವರ್ಷ ಅಕ್ಟೋಬರ್ 22ರಂದು ಸರ್ಕಾರ ಬೇರೆ ದಾರಿ ಹಿಡಿಯಿತು. ವಿದೇಶದಿಂದ ಬಂದೂ ಭಾರತದ ನಂಬರ್ ತೋರಿಸುವ ಕಳ್ಳಕರೆಗಳನ್ನು ಬಾಗಿಲಲ್ಲೇ ತಡೆಯುವ ವ್ಯವಸ್ಥೆ ಶುರುವಾಗಿ, ಮೊದಲ 24 ಗಂಟೆಯಲ್ಲೇ 1.35 ಕೋಟಿ ಕರೆಗಳು ಸಿಕ್ಕಿಬಿದ್ದವು. ದೇಶದೊಳಗೇ ಸಿಮ್ ಬಾಕ್ಸ್ (ಹಲವು ಸಿಮ್ ತುಂಬಿದ, ಇಂಟರ್ನೆಟ್ ಕರೆಯನ್ನು ಸ್ಥಳೀಯ ಕರೆಯಂತೆ ದಾಟಿಸುವ ಪೆಟ್ಟಿಗೆ) ಇಟ್ಟು ಕರೆ ತಿರುಗಿಸುವವರಿಗೆ ಈ ಬಾಗಿಲು ಅಡ್ಡ ಬರುವುದಿಲ್ಲ. ಆದ್ದರಿಂದ ನಿಶ್ಚಿಂತೆಯಿಂದ ಇರಬೇಡಿ.

ನನಗಾದ ನಷ್ಟ ವಿಚಿತ್ರವಾದದ್ದು. ಸಿಟ್ಟಾದವರೆಲ್ಲ ಕರೆ ಗುರುತಿಸುವ ಆ್ಯಪ್‌ನಲ್ಲಿ ನನ್ನ ಹೆಸರಿಗೆ ಕೆಂಪು ಬಣ್ಣ ಬಳಿದಿದ್ದರು. “ಬ್ಲೌಸ್ ರೆಡಿ ಇದೆ” ಎಂದು ತಿಳಿಸಲು ಕರೆ ಮಾಡಿದರೆ ಗಿರಾಕಿಗಳೇ ಎತ್ತುವುದಿಲ್ಲ. ಹಬ್ಬ ಮುಗಿದ ಮೇಲೂ ಕೆಲವು ಬ್ಲೌಸ್‌ಗಳು ಹ್ಯಾಂಗರಿನಲ್ಲೇ ಉಳಿದವು. ಕೂಲಿ ಕೇಳುವುದು ಯಾರನ್ನು?

ಕರೆಂಟ್, ಬ್ಯಾಂಕ್, ಪೊಲೀಸ್ ಎಂದು ಯಾರೇ ಹೆದರಿಸಿದರೂ ಫೋನ್ ಇಟ್ಟು, ಬಿಲ್ ಅಥವಾ ಪಾಸ್‌ಬುಕ್ ಮೇಲಿರುವ ನಂಬರನ್ನು ನೀವೇ ಒತ್ತಿ ವಿಚಾರಿಸಿ. ನಾವಾಗಿ ಒತ್ತಿದ ಕರೆ ನಿಜವಾದ ಕಚೇರಿಗೇ ಹೋಗುತ್ತದೆ. ಬೈಯುವುದಿದ್ದರೆ ಸಂಚಾರ ಸಾಥಿಯ ಚಕ್ಷು ವಿಭಾಗದಲ್ಲಿ ದೂರು ಬರೆಯಿರಿ, ನಂಬರಿನ ಒಡತಿಯನ್ನು ಬಿಡಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.